ಕಲ್ಲುಕ್ವಾರಿಯ ಹೆಣ್ಣುಮಕ್ಕಳಿಗೆ ಸುರಕ್ಷಾ ಸಾಮಗ್ರಿ: ಪಾದದ ಅಳತೆಯಿಂದ ಶುರು ಮಾಡಿ

ಕೆಲವು ವರ್ಷಗಳ ಹಿಂದೆ ಕೊಪ್ಪಳ ಸೀಮೆಯ ಒಂದು ಸಣ್ಣ ಕಲ್ಲುಕ್ವಾರಿಗೆ ನಾವು 40 ಜೊತೆ ಸೇಫ್ಟಿ ಬೂಟು ತೆಗೆದುಕೊಂಡು ಹೋಗಿದ್ದೆವು. ದಾನಿಗಳ ದುಡ್ಡು, ಬೂಟೂ ಒಳ್ಳೆಯವೇ. ಫೋಟೋ ತೆಗೆಸಿಕೊಂಡು ಬಂದೆವು. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಜಲ್ಲಿ ಒಡೆಯುತ್ತ ಕೂತ ಹೆಂಗಸರ ಕಾಲಲ್ಲಿ ಮತ್ತದೇ ಹವಾಯಿ ಚಪ್ಪಲಿ. ಬೂಟು ಎಲ್ಲಿ ಎಂದು ಕೇಳಿದಾಗ ಒಬ್ಬ ಹಿರಿಯಾಕೆ ಸುತ್ತಿಗೆ ಕೆಳಗಿಟ್ಟು ಹೇಳಿದರು: "ನಮ್ಮ ಕಾಲಿಗೆ ದೊಡ್ಡವು ಆದ್ವು ಅಕ್ಕಾರ. ಕಲ್ಲಿನ ಮ್ಯಾಲೆ ಜಾರತಾವು. ಮಗ ಹಾಕ್ಕೊಂಡಾನ." ಅಂಗಡಿಯಲ್ಲಿ ಇದ್ದದ್ದು 7, 8, 9ರ ಅಳತೆ ಮಾತ್ರ. ನಾವು ಅದನ್ನೇ ಕೊಂಡಿದ್ದೆವು. ನಲವತ್ತು ಜನರಲ್ಲಿ ಒಬ್ಬರ ಪಾದವನ್ನೂ ಅಳೆದಿರಲಿಲ್ಲ.

ಆ ತಪ್ಪನ್ನು ಇನ್ನೊಬ್ಬರು ಮಾಡಬಾರದು ಎಂದು ಈ ಬರಹ. ಸ್ವಸಹಾಯ ಸಂಘ, ಗ್ರಾಮ ಪಂಚಾಯಿತಿ, ಸಂಸ್ಥೆ, ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ತಂಡ, ಅಥವಾ ತಾನೇ ಕ್ವಾರಿ ನಡೆಸುವ ಸಣ್ಣ ಮಾಲೀಕ, ಯಾರು ಓದಿದರೂ ಉಪಯೋಗಕ್ಕೆ ಬರಬೇಕು ಎಂಬ ಆಸೆ ನನ್ನದು.

ಸಣ್ಣ ಗಣಿಗಾರಿಕೆ ಎಂದರೆ ನಮ್ಮಲ್ಲಿ ಹೆಚ್ಚಾಗಿ ಕಲ್ಲಿನ ಕೆಲಸ. ಇಳಕಲ್ಲು, ಕುಷ್ಟಗಿ ಕಡೆಯ ಗ್ರಾನೈಟು, ಬಾದಾಮಿ ಕಡೆಯ ಮರಳುಗಲ್ಲು, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಹಾಸುಗಲ್ಲು, ಕೋಲಾರ, ಚಿಕ್ಕಬಳ್ಳಾಪುರದ ಬೂದುಗಲ್ಲು. ಡ್ರಿಲ್ ಹಿಡಿಯುವುದು, ಬ್ಲಾಸ್ಟಿಂಗು ಗಂಡಸರ ಪಾಲು. ಜಲ್ಲಿ ಒಡೆಯುವುದು, ಚಕ್ಕೆ ಆಯುವುದು, ಬಾಂಡ್ಲಿ ತುಂಬಿ ಟ್ರ್ಯಾಕ್ಟರಿಗೆ ಹೊರುವುದು, ಕ್ರಷರಿನ ಬೆಲ್ಟಿನ ಕೆಳಗೆ ಬಿದ್ದ ಪುಡಿ ಬಳಿಯುವುದು ಹೆಣ್ಣುಮಕ್ಕಳ ಪಾಲು. ಧೂಳು ಹೆಚ್ಚು ಏಳುವ ಕೆಲಸಗಳಲ್ಲಿ ಇವೂ ಸೇರಿವೆ. ಆದರೆ ಹೆಲ್ಮೆಟ್ಟು, ಬೂಟು ಬಂದರೆ ಮೊದಲು ಸಿಗುವುದು ಡ್ರಿಲ್ಲಿನವನಿಗೆ.

ಮೊದಲ ಹೆಜ್ಜೆ: ಏನನ್ನೂ ಕೊಳ್ಳದೆ ಒಂದು ದಿನ ಕೂತು ನೋಡಿ

ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಹೋಗಿ ಸಂಜೆಯವರೆಗೆ ಇರಿ. ಮೇಸ್ತ್ರಿಯ ಜೊತೆ ಮಾತಾಡಿ ಬಂದರೆ ಸಾಲದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೆಂಗಸರ ಜೊತೆ ಕೂಡಿ. ಮೂರು ವಿಷಯ ಬರೆದುಕೊಳ್ಳಿ.

ಒಂದು, ಕಲ್ಲು ಯಾವುದು. ಬೆಣಚು (ಕ್ವಾರ್ಟ್ಜ್) ಹೆಚ್ಚಿರುವ ಕಲ್ಲಿನ ಧೂಳಿನಲ್ಲಿ ಪುಪ್ಪುಸ ಕೆಡಿಸುವ ಸಿಲಿಕಾ ಹೆಚ್ಚು. ಮರಳುಗಲ್ಲು ಬಹುಪಾಲು ಬೆಣಚೇ. ಗ್ರಾನೈಟಿನಲ್ಲೂ ಸಾಕಷ್ಟಿದೆ. ಶಹಾಬಾದ್ ಕಲ್ಲು ಸುಣ್ಣದಕಲ್ಲಿನ ಜಾತಿ, ಅದರಲ್ಲಿ ಕಡಿಮೆ. ಹಾಗೆಂದು ಅಲ್ಲಿ ಮಾಸ್ಕು ಬೇಡ ಎಂದಲ್ಲ. ದುಡ್ಡು ಕಡಿಮೆ ಇದ್ದಾಗ ಮೊದಲು ಯಾವ ಕ್ವಾರಿ ಎಂದು ಆರಿಸಲು ಇದು ದಾರಿ.

ಎರಡು, ಕೂಲಿ ಹೇಗೆ ಕೊಡುತ್ತಾರೆ. ದಿನಗೂಲಿಯೋ, ಟ್ರಿಪ್ಪಿನ ಲೆಕ್ಕವೋ, ಬ್ರಾಸಿನ ಲೆಕ್ಕವೋ? ಇದು ಸಾಮಗ್ರಿಗೆ ಸಂಬಂಧವಿಲ್ಲದ ಪ್ರಶ್ನೆ ಎಂದು ಅನ್ನಿಸಬಹುದು. ನನ್ನ ಅನುಭವದಲ್ಲಿ ಇದೇ ಮುಖ್ಯ ಪ್ರಶ್ನೆ. ಒಂದು ಬ್ರಾಸ್ ಎಂದರೆ 100 ಘನ ಅಡಿ ಜಲ್ಲಿ. ಅಷ್ಟು ಒಡೆದರೆ ಇಷ್ಟು ಎಂದು ದರ ಕಟ್ಟಿರುವ ಕಡೆ ಕೈಗವಸು ಹಾಕಿ ಕೆಲಸ ನಿಧಾನವಾದರೆ ನಷ್ಟ ಆಕೆಯದು. ವಾರದ ಸಂತೆಯ ದುಡ್ಡು ಕಡಿಮೆಯಾಗುವ ಯಾವ ಸಾಮಗ್ರಿಯನ್ನೂ ಯಾವ ತಾಯಿಯೂ ಮೈಮೇಲೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ತಿಳುವಳಿಕೆ ಇಲ್ಲ ಎಂದು ಹೆಸರಿಡಬೇಡಿ.

ಮೂರು, ಮೈಮೇಲೆ ಈಗಾಗಲೇ ಏನಿದೆ. ಸೀರೆಯ ಮೇಲೆ ಗಂಡನ ಹಳೆಯ ಉದ್ದ ತೋಳಿನ ಶರ್ಟು, ತಲೆಗೆ ಸುತ್ತಿದ ಟವೆಲ್ಲು, ಅದರ ಮೇಲೆ ಸಿಂಬೆ, ಬೆರಳಿಗೆ ಸುತ್ತಿಕೊಂಡ ಸೈಕಲ್ ಟ್ಯೂಬಿನ ತುಂಡು, ಮೂಗಿಗೆ ಸೆರಗು. ಇವೆಲ್ಲ ಅವರೇ ಕಂಡುಕೊಂಡ ಸುರಕ್ಷಾ ಸಾಮಗ್ರಿ. ನೀವು ತರುವುದು ಇದರ ಮೇಲೆ ಕೂರಬೇಕು, ಇಲ್ಲವೇ ಇದಕ್ಕಿಂತ ಸುಲಭವಾಗಿರಬೇಕು. ಆ ಟ್ಯೂಬಿನ ತುಂಡನ್ನು ಗಮನಿಸಿ ನೋಡಿ. ಎಡಗೈಯ ತೋರುಬೆರಳು ಮತ್ತು ಹೆಬ್ಬೆರಳಿಗೆ ಮಾತ್ರ ಇರುತ್ತದೆ. ಕಲ್ಲು ಹಿಡಿಯುವುದು ಆ ಎರಡರಲ್ಲೇ, ಸುತ್ತಿಗೆ ತಪ್ಪಿದರೆ ಜಜ್ಜುವುದೂ ಅವೆರಡನ್ನೇ.

ಎರಡನೇ ಹೆಜ್ಜೆ: ಅಳತೆ

ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ಅಳತೆ ಬೇಕು: ಪಾದ, ಅಂಗೈ, ತಲೆಯ ಸುತ್ತಳತೆ, ಮುಖ. ಮುಖದ್ದನ್ನು ಮಾಸ್ಕು ತೊಡಿಸಿಯೇ ನೋಡಬೇಕು, ಅದು ನಾಲ್ಕನೇ ಹೆಜ್ಜೆಯಲ್ಲಿದೆ.

ಪಾದಕ್ಕೆ ಹಳೆಯ ದಿನಪತ್ರಿಕೆ ಸಾಕು. ನೆಲಕ್ಕೆ ಹಾಸಿ, ಅದರ ಮೇಲೆ ನಿಲ್ಲಿಸಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಕೂತಾಗ ಅಳೆದರೆ ಪಾದ ಚಿಕ್ಕದಾಗಿ ಬರುತ್ತದೆ, ನಿಂತೇ ಆಗಬೇಕು. ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಗೆ ಎಷ್ಟು ಸೆಂಟಿಮೀಟರ್, ಅಗಲ ಎಲ್ಲಿ ಹೆಚ್ಚೋ ಅಲ್ಲಿ ಎಷ್ಟು ಎಂದು ಅದೇ ಹಾಳೆಯಲ್ಲಿ ಬರೆದು ಹೆಸರು ಹಾಕಿ. ಜೀವಮಾನವಿಡೀ ಬರಿಗಾಲಲ್ಲಿ, ಚಪ್ಪಲಿಯಲ್ಲಿ ನಡೆದ ಪಾದ ಮುಂದೆ ಅಗಲವಾಗಿರುತ್ತದೆ. ಉದ್ದಕ್ಕೆ 4ರ ಬೂಟು ಸರಿಹೋದರೂ ಅಗಲಕ್ಕೆ ಬಿಗಿಯುತ್ತದೆ. ಆಗ ಅಂಗಡಿಯವರು "ಒಂದು ಸೈಜು ದೊಡ್ಡದು ಕೊಡ್ತೀನಿ" ಎನ್ನುತ್ತಾರೆ. ಒಪ್ಪಬೇಡಿ, ಅಗಲದ ಅಚ್ಚಿನ ಬೂಟು ಕೇಳಿ. 23 ಸೆಂಟಿಮೀಟರ್ ಆಸುಪಾಸಿನ ಪಾದಕ್ಕೆ ಸಾಮಾನ್ಯವಾಗಿ 4ನೇ ಸೈಜು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಎರಡು ಮೂರು ಜೊತೆ ಮಾದರಿ ತರಿಸಿ ತೊಡಿಸಿ ನೋಡಿದ ಮೇಲೇ ಪೂರ್ತಿ ಆರ್ಡರ್ ಕೊಡಿ.

ಅಂಗೈಯ ಸುತ್ತಳತೆಯನ್ನು ಹೆಬ್ಬೆರಳು ಬಿಟ್ಟು ಟೇಪಿನಲ್ಲಿ ತೆಗೆಯಿರಿ. ಮಾರುಕಟ್ಟೆಯ ಚರ್ಮದ ಕೈಗವಸು ಹೆಚ್ಚಾಗಿ 9, 10ರ ಅಳತೆಯವು, ನಮ್ಮ ಹೆಣ್ಣುಮಕ್ಕಳ ಕೈಗೆ 7, 8 ಬೇಕು. ಬೆರಳ ತುದಿಯಲ್ಲಿ ಜೋತಾಡುವ ಕೈಗವಸು ಸುತ್ತಿಗೆಯ ಕಾವಿನ ಮೇಲೆ ಜಾರುತ್ತದೆ. ಅದು ಬರಿಗೈಗಿಂತಲೂ ಅಪಾಯ.

ತಲೆ ಅಳೆಯುವಾಗ ತುರುಬು ಬಿಚ್ಚಿಸಬೇಡಿ. ಕೆಲಸದಲ್ಲಿ ಹೇಗೆ ಕಟ್ಟುತ್ತಾರೋ ಹಾಗೆಯೇ ಇರಲಿ.

ಮೂರನೇ ಹೆಜ್ಜೆ: ಧೂಳನ್ನು ಹುಟ್ಟುವಲ್ಲೇ ಕೊಲ್ಲಿ

ಎಲ್ಲರೂ ಮಾಸ್ಕಿನಿಂದ ಶುರು ಮಾಡುತ್ತಾರೆ. ನಾನು ನೀರಿನಿಂದ ಶುರು ಮಾಡಿ ಎನ್ನುತ್ತೇನೆ. ಮಾಸ್ಕು ಹಾಕಿದವರನ್ನಷ್ಟೇ ಕಾಯುತ್ತದೆ, ಅದೂ ಸರಿಯಾಗಿ ಹಾಕಿದರೆ. ನೀರು ಹಾಕಿದರೆ ಪಕ್ಕದ ಜೋಲಿಯಲ್ಲಿ ಮಲಗಿದ ಕೂಸಿಗೂ ಧೂಳು ತಪ್ಪುತ್ತದೆ.

ಪುಪ್ಪುಸಕ್ಕೆ ಇಳಿಯುವ ಸಿಲಿಕಾ ಧೂಳು ಕಣ್ಣಿಗೆ ಕಾಣುವ ಧೂಳಲ್ಲ. ಅದರ ಕಣ 10 ಮೈಕ್ರಾನಿಗಿಂತ ಚಿಕ್ಕದು, ತಲೆಗೂದಲಿನ ದಪ್ಪದ ಏಳರಲ್ಲೊಂದು ಪಾಲೂ ಇಲ್ಲ. ಕಲ್ಲು ಒಡೆಯುವಾಗ ಮೇಲೆದ್ದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಪುಪ್ಪುಸ ಅದರ ಸುತ್ತ ಗಂಟು ಕಟ್ಟುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಲ್ಲ. ಈ ರೋಗ ನಮ್ಮ ನಾಡಿಗೆ ಹೊಸದಲ್ಲ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಂಡಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಅದೇ ರೋಗ ಇವತ್ತು ಮಸ್ಟರ್ ರೋಲೂ (ಹಾಜರಿ ಪಟ್ಟಿ) ಇಲ್ಲದ ಸಣ್ಣ ಕ್ವಾರಿಗಳಲ್ಲಿ ಹೆಸರಿಲ್ಲದೆ ಕೂತಿದೆ.

ಕೈಯಿಂದ ಜಲ್ಲಿ ಒಡೆಯುವ ಕಡೆ ದೊಡ್ಡ ಯಂತ್ರವೇನೂ ಬೇಡ. ಹೊಲಕ್ಕೆ ಔಷಧಿ ಹೊಡೆಯುವ 16 ಲೀಟರಿನ ಬೆನ್ನಿನ ಪಂಪು ಸಾಕು, ಎಂಟು ಹತ್ತು ಜನರಿಗೆ ಒಂದು. ಒಡೆಯುವ ರಾಶಿಗೆ ಮುಂಚೆಯೇ ಮಂಜಿನ ಹಾಗೆ ಸಿಂಪಡಿಸಬೇಕು, ಒಡೆದಂತೆ ಗಂಟೆಗೊಮ್ಮೆ ಮತ್ತೆ. ಕಲ್ಲು ತೊಯ್ದು ತೊಟ್ಟಿಕ್ಕಬೇಕಿಲ್ಲ, ಮೇಲ್ಮೈ ಒದ್ದೆಯಾದರೆ ಸಾಕು. ಪಂಪು ಮಾತ್ರ ಹೊಸದೇ ಇರಬೇಕು. ಕ್ರಿಮಿನಾಶಕ ಹೊಡೆದ ಹಳೆಯ ಪಂಪನ್ನು ಎಷ್ಟು ತೊಳೆದರೂ ಇಲ್ಲಿ ತರಬೇಡಿ. ಅದರ ವಿಷ ಸಣ್ಣ ಹನಿಯಾಗಿ ಇವರ ಉಸಿರಿಗೇ ಹೋಗುತ್ತದೆ. ನೀರು ತುಂಬುವ, ಪಂಪು ಹೊಡೆಯುವ ಕೆಲಸಕ್ಕೆ ಒಬ್ಬರಿಗೆ ದಿನಗೂಲಿ ಗೊತ್ತು ಮಾಡಿಸಿ. ಬ್ರಾಸಿನ ಲೆಕ್ಕದಲ್ಲಿ ದುಡಿಯುವವಳು ತನ್ನ ಕೆಲಸ ಬಿಟ್ಟು ಪಂಪು ಹೊಡೆಯಲಾರಳು.

ಡ್ರಿಲ್ಲು ಹಾಕುವ ಕಡೆ ನೀರು ಹಾಯಿಸಿಯೇ ಕೊರೆಯುವಂತೆ ಮಾಲೀಕರನ್ನು ಒಪ್ಪಿಸಿ. ಕ್ರಷರ್ ಇದ್ದರೆ ಕಲ್ಲು ಸುರಿಯುವ ಬಾಯಿ ಮತ್ತು ಬೆಲ್ಟು ಜಲ್ಲಿ ಸುರಿಸುವ ತುದಿ, ಈ ಎರಡು ಕಡೆ ಸ್ಪ್ರಿಂಕ್ಲರ್ ಮತ್ತು ತಗಡಿನ ಮುಚ್ಚಿಗೆ ಇರಲೇಬೇಕು. ಬೆಲ್ಟಿನ ರೋಲರುಗಳಿಗೆ ಜಾಲರಿ ಇದೆಯೇ ನೋಡಿ. ಅದಿಲ್ಲದ ಕಡೆ ಪುಡಿ ಬಳಿಯಲು ಬಗ್ಗಿದ ಹೆಂಗಸಿನ ಸೆರಗು ಒಂದು ಸಲ ರೋಲರಿಗೆ ಸಿಕ್ಕರೆ ಎಳೆದು ಬಿಡಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಜಾಲರಿ ಹಾಕುವವರೆಗೆ, ಯಂತ್ರ ನಿಲ್ಲಿಸದೆ ಬೆಲ್ಟಿನ ಕೆಳಗೆ ಯಾರನ್ನೂ ಕಳಿಸಬಾರದು ಎಂದು ಖಡಾಖಂಡಿತವಾಗಿ ಹೇಳಿ.

ನಾಲ್ಕನೇ ಹೆಜ್ಜೆ: ಮಾಸ್ಕು

ಸೆರಗು, ಟವೆಲ್ಲು, ಬಟ್ಟೆಯ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು, ಇವು ಯಾವುದೂ ಸಿಲಿಕಾ ತಡೆಯುವುದಿಲ್ಲ. ಬೇಕಾದದ್ದು ಎನ್-95 ಅಥವಾ ಎಫ್‌ಎಫ್‌ಪಿ-2 ದರ್ಜೆಯದು. ಭಾರತೀಯ ಮಾನಕ ಐಎಸ್ 9473 ಎಂಬ ಗುರುತು ಮಾಸ್ಕಿನ ಮೇಲೆ ಇರಬೇಕು. ಕಿವಿಗೆ ಸಿಕ್ಕಿಸುವ ಬಳ್ಳಿಯದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ಒಂದು ಪಟ್ಟಿ ತುರುಬಿನ ಮೇಲೆ, ಇನ್ನೊಂದು ತುರುಬಿನ ಕೆಳಗೆ. ಉಸಿರು ಬಿಡುವ ವಾಲ್ವ್ ಇದ್ದರೆ ಬಿಸಿಲುಕಾಲದಲ್ಲಿ ಸ್ವಲ್ಪ ಸಹನೀಯ.

ನಿತ್ಯ ಧೂಳಿನಲ್ಲೇ ಇರುವವರಿಗೆ ನನ್ನ ಆಯ್ಕೆ ಬೇರೆ: ರಬ್ಬರು ಅಥವಾ ಸಿಲಿಕೋನಿನ ಅರ್ಧಮುಖದ ಮಾಸ್ಕು, ಫಿಲ್ಟರ್ ಬದಲಿಸುವಂಥದ್ದು. ಮೊದಲಿಗೆ ಹೆಚ್ಚು ದುಡ್ಡು ಬೇಕು. ಆದರೆ ಮುಖದ ಭಾಗವನ್ನು ಸಾಬೂನು ನೀರಲ್ಲಿ ತೊಳೆದು ವರ್ಷಗಟ್ಟಲೆ ಬಳಸಬಹುದು, ಚಿಕ್ಕ ಅಳತೆಯದೂ ಸಿಗುತ್ತದೆ. ಫಿಲ್ಟರನ್ನು ಮಾತ್ರ ತೊಳೆಯುವಂತಿಲ್ಲ. ಬಳಸಿ ಎಸೆಯುವ ಮಾಸ್ಕನ್ನೂ ತೊಳೆಯಬಾರದು. ತೊಳೆದು ಒಣಹಾಕಿದ್ದನ್ನು ಕಂಡರೆ ಬೈಯಬೇಡಿ. ಏನನ್ನೂ ಎಸೆಯದೆ ಸಂಸಾರ ನಡೆಸಿದವರು ಅವರು. ಯಾಕೆ ತೊಳೆಯಬಾರದು ಎಂದು ವಿವರಿಸಿ, ಮರುದಿನಕ್ಕೆ ಹೊಸದು ಕೈಗೆ ಕೊಡಿ.

ಹಾಕುವುದನ್ನು ಒಬ್ಬೊಬ್ಬರಿಗೂ ಕಲಿಸಬೇಕು. ಮೂಗಿನ ತಂತಿಯನ್ನು ಎರಡೂ ಕೈಯ ಬೆರಳಿಂದ ಒತ್ತಿ ಕೂರಿಸಿ, ಮಾಸ್ಕಿನ ಮೇಲೆ ಅಂಗೈಗಳನ್ನು ಮುಚ್ಚಿ, ಜೋರಾಗಿ ಉಸಿರು ಬಿಡಿಸಿ. ಕಣ್ಣಿನ ಕಡೆಗೋ ಕೆನ್ನೆಯ ಪಕ್ಕಕ್ಕೋ ಗಾಳಿ ಬಂತು ಎಂದರೆ ಕೂತಿಲ್ಲ ಎಂದರ್ಥ. ದೊಡ್ಡ ನತ್ತು ಅಡ್ಡ ಬಂದರೆ ಕೆಲಸದ ಹೊತ್ತಿಗೆ ತೆಗೆದಿಡಲು ಕೇಳಿ, ಚಿಕ್ಕ ಮೂಗುಬೊಟ್ಟು ತೊಂದರೆ ಕೊಡುವುದಿಲ್ಲ.

"ಉಸಿರು ಕಟ್ಟತೈತ್ರೀ" ಎಂಬ ಮಾತು ಬಂದೇ ಬರುತ್ತದೆ. ಅದು ನಿಜವೂ ಹೌದು. ನಲವತ್ತು ಡಿಗ್ರಿ ಬಿಸಿಲಲ್ಲಿ ಮಾಸ್ಕು ಹಾಕಿ ಕಲ್ಲು ಒಡೆಯುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ನೀವೇ ಒಂದು ಗಂಟೆ ಹಾಕಿ ಒಡೆದು ನೋಡಿ. ಇಡೀ ದಿನದ ಬದಲು ಧೂಳು ಹೆಚ್ಚಿರುವ ಕೆಲಸಗಳಿಗೆ, ಅಂದರೆ ಪುಡಿ ಬಳಿಯುವುದು, ಒಣ ರಾಶಿ ಒಡೆಯುವುದು, ಕ್ರಷರಿನ ಹತ್ತಿರದ ಕೆಲಸಕ್ಕೆ ತಪ್ಪದೇ ಹಾಕಿಸಿ. ನಡುನಡುವೆ ಧೂಳಿಲ್ಲದ ಕಡೆ ಹೋಗಿ ಮಾಸ್ಕು ತೆಗೆದು ನೀರು ಕುಡಿದು ಬರುವಷ್ಟು ಬಿಡುವು ಇರಲಿ. ಎಲೆ ಅಡಿಕೆ, ತಂಬಾಕು ಹಾಕುವವರು ಉಗುಳಲೆಂದು ಮತ್ತೆ ಮತ್ತೆ ಮಾಸ್ಕು ಕೆಳಗಿಳಿಸುತ್ತಾರೆ. ಅವರಿಗೂ ಆ ಬಿಡುವೇ ಪರಿಹಾರ.

ಐದನೇ ಹೆಜ್ಜೆ: ಕಣ್ಣು, ಕಾಲು, ತಲೆ, ಮೈ

ಕಣ್ಣಿಗೆ ಬದಿಯೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ. ಚಕ್ಕೆ ಸಿಡಿಯುವುದು ಪಕ್ಕದವಳ ಸುತ್ತಿಗೆಯಿಂದಲೂ ಆದ್ದರಿಂದ ಬದಿ ಮುಚ್ಚದ ಕನ್ನಡಕ ಅರ್ಧ ರಕ್ಷಣೆ. ಬೆವರಿಗೆ ಮಂಜು ಕಟ್ಟುತ್ತದೆ ಎಂಬ ದೂರು ಹೆಚ್ಚು. ಗಾಳಿಯಾಡುವ ರಂಧ್ರ ಇರುವಂಥದ್ದನ್ನು ಆರಿಸಿ, ಒರೆಸಲು ಹತ್ತಿ ಬಟ್ಟೆ ಜೊತೆಗೇ ಕೊಡಿ. ಧೂಳು ಮೆತ್ತಿದ ಗಾಜನ್ನು ಒಣ ಸೆರಗಿನಿಂದ ಒರೆಸಿದರೆ ಗೀರು ಬಿದ್ದು ಒಂದು ತಿಂಗಳಲ್ಲಿ ಏನೂ ಕಾಣುವುದಿಲ್ಲ, ಮೊದಲು ನೀರಲ್ಲಿ ಅದ್ದಬೇಕು. ಹತ್ತಿರದ ನೋಟ ಕುಂದಿದ ನಲವತ್ತು ದಾಟಿದವರ ಕಣ್ಣನ್ನು ಇದೇ ನೆಪದಲ್ಲಿ ಪರೀಕ್ಷೆ ಮಾಡಿಸಿ. ಕಲ್ಲು ಸರಿಯಾಗಿ ಕಾಣದೆ ಬೆರಳು ಜಜ್ಜಿಕೊಳ್ಳುವವರು ಬಹಳ.

ಬೂಟು ಐಎಸ್ 15298 ಗುರುತಿನದು, ಬೆರಳ ಮೇಲೆ ಗಟ್ಟಿ ಕವಚ ಇರುವಂಥದ್ದು. ಕಣಕಾಲು ಮುಚ್ಚುವಷ್ಟು ಎತ್ತರ ಬೇಕು, ಜಾರದ ಅಡಿ ಬೇಕು, ಯಾಕೆಂದರೆ ಈಗ ನೀವೇ ಕಲ್ಲಿಗೆ ನೀರು ಹಾಕಿಸಿದ್ದೀರಿ. ಎರಡೆರಡು ಜೊತೆ ಹತ್ತಿ ಸಾಕ್ಸ್ ಮರೆಯಬೇಡಿ. ಸಾಕ್ಸ್ ಇಲ್ಲದ ಬೂಟು ಮೂರೇ ದಿನಕ್ಕೆ ಗುಳ್ಳೆ ಎಬ್ಬಿಸಿ ಮೂಲೆ ಸೇರುತ್ತದೆ. ಹೆಲ್ಮೆಟ್ಟಿಗೆ ಐಎಸ್ 2925, ಹಿಂದೆ ತಿರುಗಿಸಿ ಬಿಗಿಮಾಡುವ ಚಕ್ರ, ಗದ್ದದ ಪಟ್ಟಿ. ಬಂಡೆಯ ಗೋಡೆಯ ಕೆಳಗೆ ಕೆಲಸ ಮಾಡುವವರಿಗೆ ಇದು ಕಡ್ಡಾಯ. ಬಯಲಲ್ಲಿ ಕೂತು ಜಲ್ಲಿ ಒಡೆಯುವವರಿಗೆ ಹೆಲ್ಮೆಟ್ಟಿಗಿಂತ ನೆರಳು ಮುಖ್ಯ.

ಶರ್ಟಿನ ವಿಷಯಕ್ಕೆ ಬಂದರೆ, ಗಂಡನ ಹಳೆಯ ಶರ್ಟಿನ ಬದಲು ದಪ್ಪ ಹತ್ತಿಯ ಉದ್ದ ತೋಳಿನ ಕೋಟು ಹೊಲಿಸಿ, ಊರಿನ ದರ್ಜಿಯಿಂದಲೇ. ಸೆರಗು ಒಳಗೆ ಸೇರುವಷ್ಟು ಸಡಿಲ, ತೋಳಿನ ತುದಿಗೆ ಗುಂಡಿ, ಎದೆಯ ಮೇಲೆ ಕಿತ್ತಳೆ ಪಟ್ಟಿ. ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಚಾಲಕನ ಕಣ್ಣಿಗೆ ಬೀಳಬೇಕು. ಜೇಬು ಬೇಡ, ಅದರಲ್ಲಿ ಧೂಳು ತುಂಬುತ್ತದೆ. ಕೋಟನ್ನು ಕ್ವಾರಿಯಲ್ಲೇ ಬಿಚ್ಚಿಟ್ಟು ಹೋಗುವ ವ್ಯವಸ್ಥೆ ಆಗಬೇಕು. ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಂಡರೆ ಕ್ವಾರಿಯ ಧೂಳು ತೊಟ್ಟಿಲವರೆಗೂ ಹೋಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕ ಸಿಡಿದು ಜನ ಸತ್ತರು. ಸ್ಫೋಟಕದ ಎದುರು ಹೆಲ್ಮೆಟ್ಟು, ಬೂಟು ಯಾವುದೂ ನಿಲ್ಲುವುದಿಲ್ಲ. ಪರವಾನಗಿ ಇಲ್ಲದೆ ಜಿಲೆಟಿನ್ ಇಡುವ ಕ್ವಾರಿ ಎಂದು ಗೊತ್ತಾದರೆ ಸಾಮಗ್ರಿ ಹಂಚಿ ಸುಮ್ಮನಾಗಬೇಡಿ, ಜಿಲ್ಲಾಡಳಿತಕ್ಕೂ ಪೊಲೀಸರಿಗೂ ತಿಳಿಸಿ.

ಆರನೇ ಹೆಜ್ಜೆ: ಸುತ್ತಿಗೆ ಮತ್ತು ಹೊರೆ

ಸುರಕ್ಷಾ ಸಾಮಗ್ರಿ ಎಂದರೆ ಮೈಗೆ ತೊಡುವುದಷ್ಟೇ ಎಂದುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ. ಕೈಯಲ್ಲಿರುವ ಹತಾರವನ್ನೂ ನೋಡಿ. ಸುತ್ತಿಗೆಯ ಕಾವು ಸೀಳಿದೆಯೇ, ತಲೆ ಅಲುಗಾಡುತ್ತಿದೆಯೇ, ಉಳಿಯ ತಲೆ ಏಟು ತಿಂದು ಅಣಬೆಯ ಹಾಗೆ ಅರಳಿದೆಯೇ? ಅರಳಿದ ಅಂಚಿನ ಚೂರು ಹಾರಿದರೆ ಗುಂಡಿನ ಹಾಗೆ ನಾಟುತ್ತದೆ. ತಿಂಗಳಿಗೊಮ್ಮೆ ಕಮ್ಮಾರನನ್ನು ಕ್ವಾರಿಗೇ ಕರೆಸಿ ಅಂಚು ಉಜ್ಜಿಸಿ, ಕಾವು ಬದಲಿಸಿ. ಗಂಡಸಿನ ಕೈಗೆ ಮಾಡಿದ ದಪ್ಪ ಕಾವನ್ನು ಹಿಡಿದು ದಿನವಿಡೀ ಬಡಿದರೆ ಮಣಿಕಟ್ಟು ಹೋಗುತ್ತದೆ. ಬೆರಳು ಸುತ್ತಿ ಹೆಬ್ಬೆರಳಿಗೆ ತಾಗುವಷ್ಟು ಸಣ್ಣ ಕಾವು ಹಾಕಿಸಿ. ಕೈಗವಸಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ ಎಂಬುದು ನನ್ನ ಸಲಹೆ. ಒಳ್ಳೆಯ ಸುತ್ತಿಗೆಯಿಂದ ಕೆಲಸ ಬೇಗವೂ ಆಗುತ್ತದೆ, ಹಾಗಾಗಿ ಯಾರೂ ಅದನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ.

ಬೆರಳು ಉಳಿಸಲು ಹಳೆಯ ಟೈರಿನ ಪಟ್ಟಿಯನ್ನು ಬಳೆಯ ಹಾಗೆ ಬಾಗಿಸಿ ಕೋಲಿಗೆ ಕಟ್ಟಿ. ಕಲ್ಲನ್ನು ಆ ಬಳೆಯೊಳಗೆ ಇಟ್ಟು ಕೋಲಿನಿಂದ ಹಿಡಿದು ಒಡೆದರೆ ಬೆರಳು ಒಂದು ಮೊಳ ದೂರ ಇರುತ್ತದೆ, ಚಕ್ಕೆಯೂ ಕಡಿಮೆ ಸಿಡಿಯುತ್ತದೆ. ಮೊದಲ ದಿನ ಕೈ ಕೂರುವುದಿಲ್ಲ. ಒಂದು ವಾರ ಕೊಡಿ.

ಹೊರೆಯ ಲೆಕ್ಕ ಹೀಗೆ: ಒಂದು ಲೀಟರ್ ಹಿಡಿಯುವ ಪಾತ್ರೆಯ ಜಲ್ಲಿ ಸುಮಾರು ಒಂದೂವರೆ ಕೆಜಿ. ಕ್ವಾರಿಯ ಬಾಂಡ್ಲಿಗೆ ನೀರು ತುಂಬಿ ಎಷ್ಟು ಲೀಟರ್ ಹಿಡಿಯುತ್ತದೆ ನೋಡಿ. 14 ಲೀಟರ್ ಹಿಡಿದರೆ ಮಟ್ಟಕ್ಕೆ ತುಂಬಿದ ಹೊರೆ 20 ಕೆಜಿ ದಾಟಿತು, ಗುಪ್ಪೆಯಾಗಿ ತುಂಬಿದರೆ ಇನ್ನೂ ಹೆಚ್ಚು. ಇದನ್ನು ದಿನಕ್ಕೆ ಎಷ್ಟು ಸಲ, ಎಷ್ಟು ಏರು ಹತ್ತಿ ಹೊರುತ್ತಾರೆ ಎಂದು ಗುಣಿಸಿ. ಬಂದ ಮೊತ್ತವನ್ನು ಮಾಲೀಕರ ಮುಂದೆ ಇಡಿ, ಟನ್ನುಗಳ ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ. ಪರಿಹಾರ ದುಬಾರಿಯದಲ್ಲ. ಚಿಕ್ಕ ಬಾಂಡ್ಲಿ, ದೊಡ್ಡ ಚಕ್ರದ ಒಂದು ಗಾಲಿಯ ಕೈಗಾಡಿ, ಅದು ಉರುಳಲು ಹಲಗೆ ಅಥವಾ ಸಮ ಮಾಡಿದ ದಾರಿ, ಟ್ರೇಲರಿನ ಎತ್ತರಕ್ಕೆ ಒಂದು ಮಣ್ಣಿನ ಇಳಿಜಾರು. ತಲೆಹೊರೆ ತಪ್ಪಿದ ಮೇಲೆ ಹೆಲ್ಮೆಟ್ಟಿಗೂ ಜಾಗವಾಗುತ್ತದೆ. ಸಿಂಬೆಯ ಮೇಲೆ ಹೆಲ್ಮೆಟ್ಟು ಕೂರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಸಾಮಗ್ರಿ ಕೊಳ್ಳುವವರು ಎಷ್ಟು ಸಲ ಮರೆತಿದ್ದಾರೋ.

ಬಸುರಿಯರಿಗೆ, ಬಾಣಂತನ ಮುಗಿಸಿ ಬಂದವರಿಗೆ ಹೊರುವ ಕೆಲಸ ಬೇಡ, ಧೂಳಿಲ್ಲದ ಕೆಲಸ ಕೊಡಿಸಿ.

ಏಳನೇ ಹೆಜ್ಜೆ: ಪಟ್ಟಿಯಲ್ಲಿ ಯಾರೂ ಬರೆಯದ ಸಾಮಗ್ರಿ

ಒಂದು ಶೌಚಾಲಯ. ಬಯಲು ಕ್ವಾರಿಯಲ್ಲಿ ಮರೆ ಇಲ್ಲ. ಹಾಗಾಗಿ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಅದರ ಮೇಲೆ ನೀವು ಕೋಟು, ಬೂಟು, ಮಾಸ್ಕು ತೊಡಿಸಿದರೆ ಬಿಸಿಲಿಗೆ ತಲೆಸುತ್ತಿ ಬೀಳುತ್ತಾರೆ, ತಪ್ಪು ಬೂಟಿನ ಮೇಲೆ ಬರುತ್ತದೆ. ತಗಡಿನ ಗೋಡೆಯ, ಒಳಗಿನಿಂದ ಚಿಲಕವಿರುವ, ನೀರಿನ ಡ್ರಮ್ಮು ಇಟ್ಟ ಒಂದು ಶೌಚಾಲಯ ಆಗುವವರೆಗೆ ಉಳಿದದ್ದನ್ನು ಹಂಚುವುದನ್ನೇ ತಡೆಹಿಡಿಯಿರಿ ಎನ್ನುವಷ್ಟು ನಾನು ಇದನ್ನು ನಂಬುತ್ತೇನೆ. ಜೊತೆಗೆ ಹಸಿರು ನೆರಳುಬಲೆ, ಕುಡಿಯುವ ನೀರು, ಮುಟ್ಟಿನ ಬಟ್ಟೆ ಬದಲಿಸಲು ಮರೆ, ಕ್ರಷರಿನಿಂದ ದೂರದಲ್ಲಿ, ಅದರ ಧೂಳು ಗಾಳಿಯೊಡನೆ ಬಾರದ ಕಡೆ ಮಕ್ಕಳಿಗೆ ಒಂದು ಜಾಗ.

ಎಂಟನೇ ಹೆಜ್ಜೆ: ದುಡ್ಡು ಯಾರದು

ಮೊದಲು ಮಾಲೀಕರದು. ಗಣಿಯಲ್ಲಿ ದುಡಿಸಿಕೊಳ್ಳುವವರು ಸುರಕ್ಷಾ ಸಾಮಗ್ರಿಯನ್ನು ಪುಕ್ಕಟೆ ಕೊಡಬೇಕು, ಅದರ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. 1952ರ ಗಣಿ ಕಾಯ್ದೆಯ ಕಾಲದಿಂದಲೂ ಈ ಹೊಣೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲೂ ಇದೆ. ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಒಪ್ಪಿಗೆ ಇಲ್ಲದೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಹಚ್ಚುವಂತೆಯೂ ಇಲ್ಲ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ ಧನಬಾದಿನಲ್ಲಿದ್ದರೂ ಅದರ ಕಚೇರಿಗಳು ಬೆಂಗಳೂರಿನಲ್ಲೂ ಬಳ್ಳಾರಿಯಲ್ಲೂ ಇವೆ.

ಮಾಲೀಕರ ಜೊತೆ ಜಗಳದಿಂದ ಶುರು ಮಾಡಬೇಡಿ. ಎರಡು ಜೆಸಿಬಿ ಬಾಡಿಗೆಗೆ ತಂದು ಸಾಲದಲ್ಲಿ ಕ್ವಾರಿ ನಡೆಸುವವರೂ ಇದ್ದಾರೆ. ಮೊದಲ ಸಲದ ಸಾಮಗ್ರಿ ನಿಮ್ಮದು, ಫಿಲ್ಟರು, ಸಾಕ್ಸು, ಕಾವಿನಂಥ ತಿಂಗಳ ಖರ್ಚು ಅವರದು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ದಾನಿಯೇ ಕಡೆವರೆಗೂ ಕೊಡುತ್ತ ಹೋದರೆ ಮಾಲೀಕರ ಹೊಣೆ ಸದ್ದಿಲ್ಲದೆ ಮಾಯವಾಗುತ್ತದೆ.

ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇನ್ನೊಂದು ದಾರಿ. 2015ರಲ್ಲಿ ಖನಿಜ ಕಾಯ್ದೆಗೆ ತಿದ್ದುಪಡಿ ತಂದು ಮಾಡಿದ ಈ ನಿಧಿಗೆ ಗಣಿ ಗುತ್ತಿಗೆದಾರರು ದುಡ್ಡು ಕಟ್ಟುತ್ತಾರೆ. ಗಣಿಯಿಂದ ತೊಂದರೆಗೊಳಗಾದವರ ಆರೋಗ್ಯ, ಕುಡಿಯುವ ನೀರು, ಹೆಣ್ಣುಮಕ್ಕಳ ಮತ್ತು ಮಕ್ಕಳ ಕಲ್ಯಾಣ ಅದರ ಮೊದಲ ಆದ್ಯತೆಗಳಲ್ಲಿವೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಹೆಸರು ಅಳತೆಗಳ ಪಟ್ಟಿ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಬರಿಯ ಬೇಡಿಕೆಗಿಂತ ಪಾದದ ಅಳತೆ ಇರುವ ಅರ್ಜಿಗೆ ತೂಕ ಹೆಚ್ಚು.

ಒಂಬತ್ತನೇ ಹೆಜ್ಜೆ: ಹಂಚುವ ದಿನ

ಹೆಂಗಸರಿಗೆ ಮಾತ್ರ ತಂದರೆ ಮೂರನೇ ದಿನ ಗಂಡನ ಕಾಲಲ್ಲಿರುತ್ತದೆ. ಅದೇ ಕ್ವಾರಿಯ ಗಂಡಸರಿಗೂ ಅವರವರ ಅಳತೆಯದನ್ನು ಒಟ್ಟಿಗೇ ಕೊಡಿ, ಆಗ ಆಕೆಯದು ಆಕೆಯ ಬಳಿ ಉಳಿಯುತ್ತದೆ.

ಒಂದು ರಿಜಿಸ್ಟರ್ ಇಡಿ: ಆಕೆಯ ಹೆಸರು, ಕ್ವಾರಿಯ ಹೆಸರು, ಎಷ್ಟು ವರ್ಷದಿಂದ ಕಲ್ಲಿನ ಕೆಲಸ, ಕೊಟ್ಟ ಸಾಮಗ್ರಿ, ತಾರೀಖು, ಸಹಿ ಅಥವಾ ಹೆಬ್ಬೆಟ್ಟು, ಮೇಸ್ತ್ರಿಯ ಸಹಿ. ಇದರ ಒಂದು ಪ್ರತಿ ಆಕೆಯ ಕೈಯಲ್ಲಿರಲಿ. ಎಷ್ಟೋ ಕಡೆ ಹಾಜರಿ ಗಂಡನ ಹೆಸರಲ್ಲಿರುತ್ತದೆ, ಕೂಲಿ ಗಂಡನ ಕೈಗೆ ಹೋಗುತ್ತದೆ. ಆಕೆ ಅಲ್ಲಿ ದುಡಿದಳು ಎನ್ನಲು ಒಂದು ಚೀಟಿಯೂ ಇರುವುದಿಲ್ಲ. ಸಿಲಿಕೋಸಿಸ್ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿದ್ದ ಔದ್ಯೋಗಿಕ ರೋಗ. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇದೆ. ನಾಳೆ ಆಕೆಗೆ ರೋಗ ಬಂದು ಪರಿಹಾರ ಕೇಳುವ ದಿನ ಬಂದರೆ, ಬೂಟು ಪಡೆದ ಈ ಹಾಳೆಯೇ ಆಕೆಯ ದುಡಿಮೆಯ ಸಾಕ್ಷಿ ಆಗಬಹುದು.

ಹತ್ತನೇ ಹೆಜ್ಜೆ: ಮತ್ತೆ ಹೋಗಿ

ಹದಿನೈದು ದಿನಕ್ಕೆ, ಮೂರು ತಿಂಗಳಿಗೆ, ವರ್ಷಕ್ಕೆ. ಹೇಳದೆ ಹೋಗಿ. ಹಾಕದವರನ್ನು ಗದರಿಸಲು ಅಲ್ಲ, ಯಾಕೆ ಹಾಕಿಲ್ಲ ಎಂದು ಕೇಳಲು. ಪ್ರತಿ ಕಾರಣವೂ ಮುಂದಿನ ಆರ್ಡರಿಗೆ ಒಂದು ತಿದ್ದುಪಡಿ. ಸ್ಥಳದಲ್ಲಿ ಬೀಗವಿರುವ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟು ಫಿಲ್ಟರು, ಬಿಡಿ ಕೈಗವಸು, ಪ್ರಥಮ ಚಿಕಿತ್ಸೆಯ ಸಾಮಾನು ತುಂಬಿ. ಕೀಲಿ ಮೇಸ್ತ್ರಿಯ ಹತ್ತಿರ ಬೇಡ, ಹೆಂಗಸರೇ ಆರಿಸಿದ ಒಬ್ಬಾಕೆಯ ಹತ್ತಿರ ಇರಲಿ.

ವರ್ಷಕ್ಕೊಮ್ಮೆ ಎಲ್ಲರ ಎದೆಯ ಎಕ್ಸ್‌ರೇ ಮಾಡಿಸಿ, ಮೊದಲನೆಯದನ್ನು ಸಾಮಗ್ರಿ ಕೊಟ್ಟ ತಿಂಗಳಲ್ಲೇ. ಆಸ್ಪತ್ರೆಯ ಚೀಟಿಯ ಮೇಲೆ "ಕಲ್ಲಿನ ಕೆಲಸ, ಇಷ್ಟು ವರ್ಷ" ಎಂದು ಬರೆಸಲೇಬೇಕು. ಅದಿಲ್ಲದಿದ್ದರೆ ಕೆಮ್ಮು, ದಮ್ಮು, ತೂಕ ಇಳಿದದ್ದು ನೋಡಿ ಕ್ಷಯ ಎಂದು ಆರು ತಿಂಗಳ ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಹೆಚ್ಚು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ, ಎರಡೂ ಒಟ್ಟಿಗಿರಬಹುದು. ಆದ್ದರಿಂದ ಕಫ ಪರೀಕ್ಷೆಯನ್ನೂ ಬಿಡಬೇಡಿ. ಎಕ್ಸ್‌ರೇ ಹಾಳೆಗಳನ್ನು ಆಯಾ ಹೆಂಗಸಿನ ಹೆಸರಿನ ಲಕೋಟೆಯಲ್ಲಿ, ಆಕೆಯ ಪಾದದ ಗೆರೆ ಇರುವ ದಿನಪತ್ರಿಕೆಯ ಹಾಳೆಯ ಜೊತೆಗೇ ಇಡಿ.

ನಮ್ಮ ಆ ಕ್ವಾರಿಗೆ ಎರಡನೇ ಸಲ ಹೋದಾಗ ಬೂಟು ಮಗನಿಗೆ ಕೊಟ್ಟಿದ್ದ ಆ ಹಿರಿಯಾಕೆಯ ಅಳತೆ ತೆಗೆದೆವು: ಉದ್ದ 22 ಸೆಂಟಿಮೀಟರ್, ಅಗಲ 10. ಆ ಅಚ್ಚು ಮೂರು ಅಂಗಡಿಯಲ್ಲಿ ಸಿಗಲಿಲ್ಲ. ಕಡೆಗೆ ತಯಾರಕರಿಗೇ ಪತ್ರ ಬರೆದು, ಹಾಳೆಯ ಪ್ರತಿ ಕಳಿಸಿ, 11 ಜೊತೆ ಮಾಡಿಸಿದೆವು. ಬರಲು ಏಳು ವಾರ ಹಿಡಿಯಿತು. ನಿಮ್ಮ ಲೆಕ್ಕದಲ್ಲೂ ಆ ಏಳು ವಾರ ಇರಲಿ.